ಹಾಯಿದೋಣಿಯನ್ನು ಚಿಕ್ಕದು ಮಾಡಿದರೆ

ಕುಂಭಾಶಿಗೆ ಉತ್ತರದಲ್ಲಿರುವ ಗಂಗೊಳ್ಳಿಯ ಅಳಿವೆಗೆ ಹಿಂದೆ ಹಾಯಿಯ ಮಂಜಿಗಳು ಸರಕು ಹೊತ್ತು ಬರುತ್ತಿದ್ದುವು. 12 ಮೀಟರ್ ಉದ್ದದ, 8 ಟನ್ ತೂಕದ ಹಾಯಿದೋಣಿಯೊಂದರ ಎಲ್ಲ ಅಳತೆಗಳನ್ನೂ ನಾವು ಅರ್ಧಕ್ಕಿಳಿಸಿದೆವೆಂದು ಎಣಿಸೋಣ. ತೂಕ 1 ಟನ್ನಿಗಿಳಿಯುವುದು. ಜೀಪಿನ ಹಿಂದೆ ಗಾಡಿಯಲ್ಲಿ ಎಳೆದೊಯ್ಯಬಹುದು. ವೇಗದ ಮಿತಿಯಾದರೋ ಉದ್ದದ ವರ್ಗಮೂಲವನ್ನು ಅನುಸರಿಸುವುದರಿಂದ, ಗಂಟೆಗೆ ಸುಮಾರು 16 ಕಿಲೊಮೀಟರಿನಿಂದ 11ಕ್ಕೆ ಮಾತ್ರ ತಗ್ಗುವುದು.

ಅಪಾಯವಿರುವುದು ಬೇರೆಡೆ. ಹಾಯಿಯ ವಿಸ್ತಾರ ಕಾಲುಭಾಗ, ಎತ್ತರ ಅರ್ಧ. ಆದುದರಿಂದ ಅದೇ ಗಾಳಿಯಲ್ಲಿ ದೋಣಿಯನ್ನು ಮಗುಚುವ ಶಕ್ತಿ 8ರಲ್ಲೊಂದಂಶ. ನೆಟ್ಟಗೆ ನಿಲ್ಲಿಸುವ ಶಕ್ತಿಯೋ, ತೂಕವೂ ಅಗಲವೂ ಕುಗ್ಗಿದುದರಿಂದ, 16ರಲ್ಲೊಂದಂಶ! ಅಂತೆಯೇ ಚಿಕ್ಕ ದೋಣಿಯವರು ಗಾಳಿ ಬಲಿಯುವ ಮೊದಲೇ ಹಾಯಿಯನ್ನು ಕಿರಿದುಗೊಳಿಸಿ, ಗಾಳಿ ಬೀಸುವ ಮಗ್ಗುಲಿಗೆ ಸರಿದು ಕುಳಿತುಕೊಳ್ಳಬೇಕು. ಮಳೆಗಾಲದಲ್ಲಂತೂ ದೋಣಿಯನ್ನು ದಡಕ್ಕೇರಿಸಿಡುವುದೇ ಲೇಸು.