ಆಹಾರೋದ್ಯಮದ ಹರಿಕಾರರ ಬದುಕನ್ನು ಅಧ್ಯಯನ ಮಾಡುವ ಕ್ರಮ: ವಾರಣಾಶಿ ಸುಬ್ರಾಯ ಭಟ್ಟರ ನಿದರ್ಶನ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ರೈತ ಗುಂಪುಗಳು ಸಂಸ್ಕರಣಾ ಘಟಕ ಆರಂಭಿಸಲು ಯೋಚಿಸುವಾಗ ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಯಂತ್ರದ ಬೆಲೆ ಮತ್ತು ಸಹಾಯಧನವನ್ನು. ಅದಕ್ಕೂ ಮುನ್ನ ಈ ಹಾದಿಯಲ್ಲಿ ನಡೆದವರೊಬ್ಬರ ಬದುಕನ್ನು ಕ್ರಮಬದ್ಧವಾಗಿ ಅಧ್ಯಯನ ಮಾಡುವುದು ಸೂಕ್ತ. ಗಮನಿಸಬೇಕಾದುದು ಅವರು ಗಳಿಸಿದ ಕೀರ್ತಿಯನ್ನಲ್ಲ, ಯಾವ ನಿರ್ಧಾರದ ನಂತರ ಯಾವ ನಿರ್ಧಾರ ಕೈಗೊಂಡರು ಎಂಬುದನ್ನು.

ನಿದರ್ಶನ

ಅಡ್ಯನಡ್ಕದ ಕೃಷಿಕರಾದ ವಾರಣಾಶಿ ಸುಬ್ರಾಯ ಭಟ್ಟರು ಕ್ಯಾಂಪ್ಕೋ ಸಹಕಾರ ಸಂಸ್ಥೆಯ ಸ್ಥಾಪಕ ಅಧ್ಯಕ್ಷರು. 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟ ಸಂದರ್ಭದಲ್ಲಿ, ಕರ್ನಾಟಕ ಮತ್ತು ಕೇರಳದ ಬೆಳೆಗಾರರಿಗಾಗಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಈ ಸಂಸ್ಥೆ ಸ್ಥಾಪನೆಗೊಂಡಿತು. ಅದರ ಮೊದಲ ಕೆಲಸ ಸಂಸ್ಕರಣೆಯಾಗಿರಲಿಲ್ಲ, ಬೆಳೆಗಾರರಿಂದ ನೇರವಾಗಿ ಖರೀದಿಸಿ ಮಾರಾಟ ಮಾಡುವುದಾಗಿತ್ತು.

ಅದೇ ದಶಕದಲ್ಲಿ ಅಡಿಕೆ ತೋಟಗಳಲ್ಲಿ ಕೋಕೋ ಅಂತರಬೆಳೆಯಾಗಿ ಹರಡಿತು. ದಶಕದ ಕೊನೆಗೆ ಬೆಲೆ ಕುಸಿದಾಗ ಪ್ರಮುಖ ಖರೀದಿದಾರರು ಹಿಂದೆ ಸರಿದರು. ಕೋಕೋ ಹಸಿ ಬೀಜವನ್ನು ಹಾಗೆಯೇ ಇರಿಸಿಕೊಳ್ಳಲಾಗದು. ಅದನ್ನು ಸುಮಾರು 5–6 ದಿನ ಹುದುಗಿಸಿ, ತೇವಾಂಶ ಶೇ. 7ರ ಆಸುಪಾಸಿಗೆ ಇಳಿಯುವಂತೆ ಒಣಗಿಸಬೇಕು. ಕೊಳ್ಳುವವರಿಲ್ಲದೆ ಬೆಳೆ ತೋಟದಲ್ಲಿಯೇ ಹಾಳಾಗುವ ಸ್ಥಿತಿ ಬಂದಾಗ ಕ್ಯಾಂಪ್ಕೋ ಕೋಕೋ ಖರೀದಿಗೆ ಇಳಿಯಿತು. ಹುದುಗಿಸುವ ಮತ್ತು ಒಣಗಿಸುವ ಕೆಲಸವನ್ನು ತಾನೇ ವಹಿಸಿಕೊಂಡು, ಒಣಬೀಜಕ್ಕೆ ವಿದೇಶಿ ಮಾರುಕಟ್ಟೆಯನ್ನೂ ಹುಡುಕಿತು. ಪುತ್ತೂರು ಬಳಿಯ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ಉದ್ಘಾಟನೆಯಾದದ್ದು 1986ರಲ್ಲಿ, ಅಂದರೆ ಸಂಸ್ಥೆ ಹುಟ್ಟಿದ 13 ವರ್ಷಗಳ ನಂತರ. ಸಂಘಟನೆ, ಖರೀದಿ, ಪ್ರಾಥಮಿಕ ಸಂಸ್ಕರಣೆ, ಮಾರುಕಟ್ಟೆ, ಕೊನೆಗೆ ಕಾರ್ಖಾನೆ ಎಂಬ ಈ ಅನುಕ್ರಮವೇ ಇಲ್ಲಿನ ಮುಖ್ಯ ಪಾಠ.

ಅಧ್ಯಯನ ಮಾಡುವ ವಿಧಾನ

1. ಮೊದಲು ಕಾಲಾನುಕ್ರಮ ಪಟ್ಟಿ ತಯಾರಿಸಿರಿ. ಪ್ರತಿ ನಿರ್ಧಾರದ ಮುಂದೆ ಆ ವರ್ಷದ ಬೆಳೆ ಸ್ಥಿತಿ ಮತ್ತು ಬೆಲೆಯನ್ನು ನಮೂದಿಸಿರಿ. ಹಳೆಯ ಬೆಲೆಗಳಿಗಾಗಿ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ದಾಖಲೆಗಳನ್ನು ನೋಡಬಹುದು.

2. ಸಹಕಾರ ಸಂಸ್ಥೆಯಾದಲ್ಲಿ ಉಪವಿಧಿ, ವಾರ್ಷಿಕ ವರದಿ ಮತ್ತು ಲೆಕ್ಕಪರಿಶೋಧನಾ ವರದಿಗಳನ್ನು ಓದಿರಿ. ಲಾಭದ ವರ್ಷಗಳಷ್ಟೇ ನಷ್ಟದ ವರ್ಷಗಳನ್ನೂ ಗಮನಿಸಿರಿ.

3. ಜೊತೆಗೆ ದುಡಿದವರನ್ನು, ಮಾಲು ಕೊಟ್ಟ ರೈತರನ್ನು ಮತ್ತು ಕೊಂಡ ವರ್ತಕರನ್ನು ಪ್ರತ್ಯೇಕವಾಗಿ ಮಾತನಾಡಿಸಿರಿ. ನೆನಪಿನಿಂದ ಹೇಳಿದ ಇಸವಿ ಮತ್ತು ಮೊತ್ತಗಳನ್ನು ದಾಖಲೆಗಳೊಂದಿಗೆ ತಾಳೆ ನೋಡದೆ ಬಳಸಬೇಡಿರಿ.

4. ಕಚ್ಚಾ ಮಾಲು ಎಲ್ಲಿಂದ ಬಂತು, ಬಂಡವಾಳ ಯಾರದು, ಮೊದಲ ಖರೀದಿದಾರ ಯಾರು, ಬೆಲೆ ಕುಸಿದಾಗ ಏನು ಮಾಡಿದರು ಎಂಬ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರ ಸಿಗುವವರೆಗೆ ಅಧ್ಯಯನ ಮುಗಿಯಿತೆಂದು ತಿಳಿಯಬಾರದು.

ನಮ್ಮ ತಾಲೂಕುಗಳಿಗೆ ಅನ್ವಯ

ಹಾನಗಲ್ ಭಾಗದ ಆಪೂಸ್ ಮಾವಿನ ಹಂಗಾಮು ಕೆಲವೇ ವಾರಗಳದ್ದು. ಮಾವಿನ ತಿರುಳನ್ನಷ್ಟೇ ನಂಬಿದ ಘಟಕ ವರ್ಷದ ಬಹುಭಾಗ ಖಾಲಿ ನಿಂತರೂ ಸಾಲದ ಬಡ್ಡಿ ನಿಲ್ಲುವುದಿಲ್ಲ. ಆದ್ದರಿಂದ ಉಳಿದ ತಿಂಗಳುಗಳಲ್ಲಿ ಅದೇ ಯಂತ್ರಗಳಿಂದ ಯಾವ ಹಣ್ಣು, ತರಕಾರಿ ಸಂಸ್ಕರಿಸಬಹುದೆಂದು ಮೊದಲೇ ಲೆಕ್ಕ ಹಾಕಬೇಕು.

ಗೋವಿನಜೋಳ ಬೆಳೆಯುವ ಗುಂಪುಗಳಿಗೆ ಒಣಗಿಸುವುದೇ ಪ್ರಾಥಮಿಕ ಸಂಸ್ಕರಣೆ. ತೇವಾಂಶವನ್ನು ಶೇ. 12ಕ್ಕೆ ಇಳಿಸದೆ ದಾಸ್ತಾನು ಮಾಡಿದರೆ ಬೂಷ್ಟು ಬೆಳೆದು ಅಫ್ಲಟಾಕ್ಸಿನ್ ವಿಷ ಉಂಟಾಗುವ ಅಪಾಯವಿದೆ. ಅಂತಹ ಕಾಳನ್ನು ಆಹಾರಕ್ಕಾಗಲಿ, ಪಶು ಮತ್ತು ಕೋಳಿ ಆಹಾರಕ್ಕಾಗಲಿ ಬಳಸಬಾರದು. ಒಣಗಿಸುವ ಕಣ, ತೇವಾಂಶ ಮಾಪಕ ಮತ್ತು ಉತ್ತಮ ಗೋದಾಮು ಇಲ್ಲದೆ ಹಿಟ್ಟು ಅಥವಾ ರವೆ ಘಟಕದ ಯೋಚನೆ ಬೇಡ. ಮೆಣಸಿನಕಾಯಿಗೂ ಇದೇ ಕ್ರಮ ಅನ್ವಯಿಸುತ್ತದೆ: ನೆಲದ ಮೇಲೆ ಹರವದೆ ಸ್ವಚ್ಛ ತಾಡಪತ್ರಿಯ ಮೇಲೆ ಒಣಗಿಸಿ ವರ್ಗೀಕರಿಸಿದ ನಂತರವೇ ಖಾರದ ಪುಡಿಯ ಮಾತು.

ಬಹುಪಾಲು ಮಾಲಿಗೆ ಒಬ್ಬರೇ ಖರೀದಿದಾರರಿರುವ ಬೆಳೆಯಲ್ಲಿ ಅವರು ಹಿಂದೆ ಸರಿದ ದಿನದ ಯೋಜನೆ ನಿಮ್ಮ ಬಳಿ ಇರಲೇಬೇಕು. ಕೋಕೋ ಬೆಳೆಗಾರರಿಗೆ ಆಗ ನೆರವಾದದ್ದು ಮೊದಲೇ ಕಟ್ಟಿಕೊಂಡಿದ್ದ ಸಂಘಟನೆ. ವಿಸ್ತರಣಾ ಕಾರ್ಯಕರ್ತರು ತಮ್ಮ ತಾಲೂಕಿನ ಕನಿಷ್ಠ ಒಬ್ಬ ಹಿರಿಯ ಸಂಸ್ಕರಣಾ ಉದ್ಯಮಿಯ ಅನುಭವವನ್ನು ಅವರ ಒಪ್ಪಿಗೆ ಪಡೆದು ಮೇಲಿನ ಕ್ರಮದಲ್ಲಿ ದಾಖಲಿಸಿ, ರೈತ ಗುಂಪಿನ ಸಭೆಯಲ್ಲಿ ಓದಿ ಚರ್ಚಿಸಬೇಕು. ಸಾಲದ ಅರ್ಜಿ ಸಲ್ಲಿಸುವುದು ಆ ಚರ್ಚೆಯ ನಂತರವೇ ಆಗಲಿ. ತಾಂತ್ರಿಕ ಮಾರ್ಗದರ್ಶನಕ್ಕಾಗಿ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.