ಬಿಸಿನೀರು ತಾಗಿದರೆ ಮೂರ್ಛೆ!

ಒಂದೆರಡು ಚೊಂಬು ಬಿಸಿನೀರು. ಅಷ್ಟೇ ಸಾಕು! ಆಟ, ಪಾಠ ಎರಡರಲ್ಲೂ ಚುರುಕಾಗಿದ್ದ ಹುಡುಗ ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಂತೆ ದಿಟ್ಟಿ ಒಂದೇ ಕಡೆ ನೆಡುತ್ತದೆ, ಮಾತು ತೊದಲುತ್ತದೆ, ಕೆಲವೊಮ್ಮೆ ಕೈಕಾಲು ಸೆಟೆದು ಬಿದ್ದೇಬಿಡುತ್ತಾನೆ. ಅದೇ ನೀರು ಬರೀ ಮೈಗೆ ಬಿದ್ದರೆ ಹೆಚ್ಚಿನವರಿಗೆ ಏನೂ ಆಗದು. 40ರಿಂದ 50 ಡಿಗ್ರಿ ಕಾದಿರಬೇಕು, ನೆತ್ತಿಯ ಮೇಲೇ ಬೀಳಬೇಕು, ಚೊಂಬಿನ ಹಿಂದೆ ಚೊಂಬು ಬೀಳಬೇಕು. ಮಿದುಳು ಇಷ್ಟು ಕರಾರುವಾಕ್ಕಾಗಿ ಒಂದೇ ಸಂಗತಿಗೆ ಕೆರಳುತ್ತದೆಂದರೆ!

1945ರಲ್ಲಿ ನ್ಯೂಜಿಲೆಂಡಿನ ಅಲೆನ್ ಎಂಬ ವೈದ್ಯ ಇದನ್ನು ಮೊದಲು ದಾಖಲಿಸಿದ. ಆದರೆ ಈ ಕಾಯಿಲೆ ಹೆಚ್ಚಾಗಿ ಕಂಡದ್ದು ನಮ್ಮಲ್ಲಿ, ದಕ್ಷಿಣ ಕರ್ನಾಟಕದಲ್ಲಿ. 1968ರಲ್ಲಿ ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಇದರ ಬಗ್ಗೆ ಬರೆದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಅವರ ತಂಡ 279 ರೋಗಿಗಳ ವಿವರ ಕೊಟ್ಟಿತು. ಅದರಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಇದು: ಕೆಲವರಿಗೆ ಫಿಟ್ಸ್ ಶುರುವಾಗುವಾಗ ಹಿತವೆನಿಸುತ್ತದಂತೆ! ತಡೆಯಲಾಗದೆ ಇನ್ನಷ್ಟು ನೀರು ಸುರಿದುಕೊಳ್ಳುತ್ತಲೇ ಹೋಗುತ್ತಾರೆ, ಎಚ್ಚರ ತಪ್ಪುವವರೆಗೆ.

ಅಲ್ಲಿಗೂ ನಿಲ್ಲಲಿಲ್ಲ. ನಿಮ್ಹಾನ್ಸ್‌ನಲ್ಲಿ ಇಲಿಗಳಿಗೆ ಮತ್ತೆಮತ್ತೆ ಬಿಸಿನೀರು ಹಾಯಿಸಿ ನೋಡಿದರು. ಮೂರ್ಛೆ ಮರುಕಳಿಸಿದಂತೆ ನೆನಪಿನ ತಾಣವಾದ ಹಿಪ್ಪೊಕ್ಯಾಂಪಸ್‌ನಲ್ಲಿ ನರತಂತುಗಳು ಹೊಸದಾಗಿ ಚಿಗುರಿ, ಇರಬಾರದ ಕಡೆಗೆ ಹಬ್ಬಿದ್ದವು. ಒಂದೊಂದು ಮೂರ್ಛೆಯೂ ಮಿದುಳಿನ ಜಾಲವನ್ನೇ ತಿದ್ದಿಬಿಡಬಲ್ಲದು! ಮನುಷ್ಯರಲ್ಲೂ ಕೆಲವರಿಗೆ ಮುಂದೆ ಬಿಸಿನೀರಿಲ್ಲದೆಯೂ ಫಿಟ್ಸ್ ಬರತೊಡಗುತ್ತದೆ. ಮನೆತನದಲ್ಲಿ ಇಳಿದು ಬರುವ ಬಗೆಯೂ ಉಂಟು. 2009ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ಅದರ ಜಾಡನ್ನು 4 ಮತ್ತು 10ನೇ ವರ್ಣತಂತುಗಳಲ್ಲಿ ಹಿಡಿದರು.

ಭೀಮಾ ದಂಡೆಯ ಸೊನ್ನದಲ್ಲಾಗಲಿ, ಜೇವರ್ಗಿ, ಅಫಜಲಪುರದಲ್ಲಾಗಲಿ ಮಗು ಬಚ್ಚಲಲ್ಲಿ ಹೀಗೆ ಬಿದ್ದರೆ 'ಗಾಳಿ ಸೋಕ್ಯಾದ' ಎಂದು ಸುಮ್ಮನಿರಬೇಡಿ. ತಕ್ಷಣ ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ತುರುಕಬೇಡಿ. ಆಮೇಲೆ ಡಾಕ್ಟರಿಗೆ ಮರೆಯದೆ ಹೇಳಿ: 'ತಲಿ ಮ್ಯಾಲ ಬಿಸಿನೀರು ಹಾಕಿದಾಗ ಬಂತ್ರಿ.' ಆ ಒಂದು ಮಾತಿನಿಂದ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಎಷ್ಟೋ ಮಂದಿಗೆ ಉಗುರುಬೆಚ್ಚಗಿನ ನೀರೇ ಮದ್ದು. ಬಿಸಿನೀರಿಗಷ್ಟೇ ಮೂರ್ಛೆ ಬರುವ ಹಲವರಿಗೆ ವೈದ್ಯರು ಕ್ಲೋಬಜಾಮ್ ಮಾತ್ರೆ ಬರೆಯುತ್ತಾರೆ: ಜಳಕಕ್ಕೆ ಒಂದೂವರೆ–ಎರಡು ತಾಸು ಮುಂಚೆ, ತಲೆಗೆ ನೀರು ಹಾಕಿಕೊಳ್ಳುವ ದಿನ ಮಾತ್ರ!