ಕುಂಬಳದ ಮೈಮೇಲೆ ಕನ್ನಡದ ಅಕ್ಷರ

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಬೂದುಗುಂಬಳವನ್ನು ಹೊತ್ತವನ ಹೆಗಲಿಗೆ ಅದರ ಬೂದಿ ಅಂಟಿಕೊಳ್ಳುತ್ತದೆ. ಗಾದೆಯ ಗುಟ್ಟು ಅದು. ಆದರೆ ಮುಂಬಯಿಯ ಮಾರುಕಟ್ಟೆಯಲ್ಲಿ ಕುಂಬಳದ ಹೋಳುಗಳನ್ನಷ್ಟೇ ಕಂಡಿರುವ ನಮ್ಮ ಮಕ್ಕಳಿಗೆ ಈ ಗುಟ್ಟು ತಿಳಿಯುವುದಾದರೂ ಹೇಗೆ? ಐದಾರು ವರ್ಷದ ಮಕ್ಕಳೊಡನೆ ಮನೆಯಲ್ಲೇ ಒಂದು ಬಳ್ಳಿಯನ್ನು ಬೆಳೆಸುವುದು ಇದಕ್ಕೆ ಸುಲಭದ ಹಾದಿ.

ಬಾಲ್ಕನಿಗೆ ಚಿಕ್ಕ ಕಾಯಿಯ ಸಿಹಿಗುಂಬಳವೇ ಸೂಕ್ತ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸೂರ್ಯಮುಖಿ’ ತಳಿಯ ಕಾಯಿ ಸುಮಾರು 1 ಕಿಲೋ ತೂಗುತ್ತದೆ; ಮಗುವೂ ಎತ್ತಬಲ್ಲದು. ಇದು ಸುಮಾರು 100 ದಿನಗಳ ಬೆಳೆ. ಜೂನ್ ತಿಂಗಳಲ್ಲಿ ಬಿತ್ತಿದರೆ ನವರಾತ್ರಿಯ ಹೊತ್ತಿಗೆ ಫಲ ಕೈಸೇರುತ್ತದೆ. ತಳದಲ್ಲಿ ರಂಧ್ರವಿರುವ ದೊಡ್ಡ ಡ್ರಮ್ಮಿಗೆ ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿ, ಚೆನ್ನಾಗಿ ಬಿಸಿಲು ಬೀಳುವೆಡೆಯಲ್ಲಿರಿಸಿ, ಎರಡು ಮೂರು ಬೀಜಗಳನ್ನು ಮಗುವಿನ ಕೈಯಿಂದಲೇ ಊರಿಸಬೇಕು. ವಾರದಲ್ಲಿ ಮೊಳಕೆ ಕಾಣಿಸುತ್ತದೆ.

ಮೊದಲು ಅರಳುವುವು ಗಂಡು ಹೂಗಳು. ಕೆಲ ದಿನಗಳ ಬಳಿಕ ಹೆಣ್ಣು ಹೂಗಳು ಬರುತ್ತವೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿಯಿರುತ್ತದೆ. ಮಿಡಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಎಂದು ಊರ ಕಡೆ ಅಜ್ಜಿಯರು ಹೇಳುವುದುಂಟು. ನಮ್ಮ ಮೊದಲ ಪ್ರಯತ್ನದಲ್ಲಿ ಮಿಡಿಗಳೆಲ್ಲ ಹಳದಿಯಾಗಿ ಉದುರಿದಾಗ, ತಾನು ಬೆರಳು ತೋರಿಸಿದ್ದರಿಂದಲೇ ಹೀಗಾಯಿತೆಂದು ಮಗು ಅತ್ತುಬಿಟ್ಟಿತು. ನಿಜವಾದ ಕಾರಣ ಬೇರೆಯೇ ಇತ್ತು. ಏಳನೆಯ ಮಹಡಿಯಲ್ಲಿದ್ದ ನಮ್ಮ ಬಾಲ್ಕನಿಗೆ ಜೇನುನೊಣಗಳು ಬಂದಿರಲಿಲ್ಲ. ಪರಾಗಸ್ಪರ್ಶವಾಗದ ಮಿಡಿ ಉಳಿಯದು. ಹೂ ಮುಂಜಾನೆ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಆದ್ದರಿಂದ ಬೆಳಿಗ್ಗೆಯೇ ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ನಡುವಿನ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲನೆ ಸವರಬೇಕು. ಮರುಬಾರಿ ಈ ಕೆಲಸವನ್ನು ಮಗುವೇ ಮಾಡಿತು, ಕಾಯಿ ನಿಂತಿತು.

ಇನ್ನು ಅಲಂಕಾರ. ಕಾಯಿ ಮುಷ್ಟಿಗಿಂತ ತುಸು ದೊಡ್ಡದಾಗಿ, ಸಿಪ್ಪೆ ಇನ್ನೂ ಎಳೆಯದಾಗಿರುವಾಗ, ಮಳೆಯಿಲ್ಲದ ದಿನ ನೋಡಿ, ಮೊಂಡು ಕಡ್ಡಿಯಿಂದ ಮಗುವಿನ ಹೆಸರನ್ನು ಅದರ ಮೇಲೆ ಕನ್ನಡದಲ್ಲಿ ಬರೆಯಿಸಬೇಕು. ಗೀರು ಸಿಪ್ಪೆಯ ಮೇಲ್ಪದರಕ್ಕಷ್ಟೇ ತಾಗಲಿ. ಆಳವಾದರೆ ಕಾಯಿ ಕೊಳೆತೀತು. ಒಸರಿದ ರಸ ಒಣಗಿ, ಗಾಯ ಮಾಯ್ದು, ಅಕ್ಷರಗಳು ಉಬ್ಬಿ ನಿಲ್ಲುತ್ತವೆ. ಕಾಯಿ ಬೆಳೆದಂತೆ ತಾವೂ ಬೆಳೆಯುತ್ತವೆ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿಗಳನ್ನು ಬರೆಯುವ ನಮ್ಮ ಮಕ್ಕಳಿಗೆ ಕನ್ನಡದ ಅಕ್ಷರ ಬರೆಯುವ ಸಂದರ್ಭಗಳೇ ವಿರಳ. ತಾನು ಬರೆದ ಅಕ್ಷರ ದಿನದಿನವೂ ಹಿಗ್ಗುವುದನ್ನು ಕಂಡ ಮಗು ಅದನ್ನು ಸುಲಭವಾಗಿ ಮರೆಯದು.

ಬಲಿತ ಕಾಯಿಯನ್ನು ತೊಟ್ಟುಸಹಿತ ಕೊಯ್ದು, ಒರೆಸಿ, ಅಕ್ಕಿಹಿಟ್ಟು ಅರಿಸಿನಗಳ ಚುಕ್ಕಿಯಿಟ್ಟು, ಹೂವಿನ ಸರ ಸುತ್ತಿ ದಸರೆಯ ಗೊಂಬೆಗಳ ಸಾಲಿನಲ್ಲಿ ಕೂರಿಸಬಹುದು. ಬಣ್ಣದ ಡಬ್ಬಿಗಳನ್ನು ದೂರವಿರಿಸಿದರೆ ಹಬ್ಬದ ಬಳಿಕ ಅದೇ ಕಾಯಿ ಹುಳಿಗೂ ಪಲ್ಯಕ್ಕೂ ಒದಗುತ್ತದೆ. ಬೀಜಗಳನ್ನು ತೊಳೆದು, ನೆರಳಲ್ಲಿ ಒಣಗಿಸಿ, ಮಗುವಿನ ಕೈಗೇ ಒಪ್ಪಿಸೋಣ. ಮುಂದಿನ ಜೂನಿನಲ್ಲಿ ಅವನ್ನು ನೆರೆಮನೆಯ ಮಗುವಿನೊಡನೆ ಹಂಚಿಕೊಂಡು ಬಿತ್ತಲಿ ಎಂಬುದು ನಮ್ಮ ಆಶಯ.